ಮಡುವಿನ ಪಾಚಿ

ಹಿರಿಯೂರು
೧೮-೪-೧೯೭೪

ಪೂಜ್ಯ ಗುರುಗಳಿಗೆ ಸರ್ವಮಂಗಳಳ ನಮಸ್ಕಾರಗಳು.

ವೇದಾವತಿಯ ಮಡುವಿನಲ್ಲಿ ನೀರು ಕುಡಿದ ಮೂರು ಕುರಿಗಳು ನಿನ್ನೆ ಸತ್ತಿವೆ. ತಿಳಿಸಿದವರು ಕುರಿಗಳ ಒಡೆಯ ಕಾಟಯ್ಯ.

ಕಳೆದ ವಾರ ನಾನು ಹೊಳೆ ಹರಿಯುವ ಕಡೆ ಕಲ್ಲಿನ ಪಾಚಿ ಕೆರೆಯುತ್ತಿದ್ದಾಗ ಅವರು, "ಪಾಚಿ ಕುರಿಗೆ ಏನಾರ ಮಾಡ್ತೈತೇನವ್ವ?" ಎಂದು ಕೇಳಿದ್ದರು. ಕೈಯಲ್ಲಿದ್ದ ಕಲ್ಲಿನ ಪಾಚಿಯನ್ನಷ್ಟೇ ನೋಡಿ, ಏನೂ ಮಾಡುವುದಿಲ್ಲ ಎಂದೆ. ಹರಿವು ನಿಂತ ಮಡುವಿನಲ್ಲಿ ಬೇಸಿಗೆಗೆ ಬೇರೆ ಜಾತಿಯ ಪಾಚಿ ಬಣ್ಣ ಕದಡಿದಂತೆ ತೇಲುತ್ತದೆ, ಅದು ವಿಷವಾಗಬಹುದು ಎಂದು ಹೇಳಲಿಲ್ಲ. ನನ್ನ ಪ್ರಬಂಧದ ವಿಷಯವೇ ಅದು.

"ನಮ್ಮಪ್ಪನ ಕಾಲದಿಂದ ಬೇಸಿಗೇಲಿ ಮಡುವಿಗೆ ಬಿಡ್ತಿರಲಿಲ್ಲ. ಓದಿದೋರು ನೀವೇ ಅಂದ್ರಲ್ಲ ಅಂತ ಬಿಟ್ಟೆ" ಎಂದು ಕಾಟಯ್ಯ ಇವತ್ತು ಹೇಳಿದರು. ಬಯ್ಯಲಿಲ್ಲ. ಮಜ್ಜಿಗೆ ಕೊಟ್ಟರು. ನನಗೆ ಕುಡಿಯಲಾಗಲಿಲ್ಲ.

ಮಡುವಿನ ನೀರನ್ನು ಸೀಸೆಯಲ್ಲಿ ತುಂಬಿ ಈ ಪತ್ರದೊಂದಿಗೆ ಬಸ್ಸಿನಲ್ಲಿ ಕಳಿಸಿದ್ದೇನೆ. ಉಳಿದದ್ದೆಲ್ಲ ಬಿಟ್ಟು ಮೊದಲು ಅದನ್ನು ಪರೀಕ್ಷಿಸಿ, ತಂತಿ ಕೊಡಿ. ಇನ್ನೂ ಅರವತ್ತು ಕುರಿಗಳಿವೆ. ನೀರು ಹರಿಯುವ ಜಾಗ ಅವರ ಹಟ್ಟಿಯಿಂದ ಎರಡು ಮೈಲಿ.

ನಾಳೆ ಬೆಳಿಗ್ಗೆ ಆರಕ್ಕೆ ಕಾಟಯ್ಯನವರೊಂದಿಗೆ ಕುರಿ ಹೊಡೆದುಕೊಂಡು ಅಲ್ಲಿಗೆ ಹೋಗುತ್ತೇನೆ.

ಇಂತಿ,
ಸರ್ವಮಂಗಳ