ಅಲುಗದೆ ಮಲಗಿದ ನಲವತ್ತು ನಿಮಿಷ

ಮಾರ್ಚ್ ೧೧, ಭಾನುವಾರ ಮಧ್ಯಾಹ್ನ

ನಮ್ಮ ಕಡ್ಡಿಯ ಅಮ್ಮನಿಗೆ,

ಇಬ್ಬರೂ ಕ್ಷೇಮ. ನಿನ್ನ ಎರಡು ಕಾಗದಗಳಿಗೂ ಸೇರಿಸಿ ಈ ಒಂದು ಉತ್ತರ. ಕೆಲಸ ಹೆಚ್ಚಿತ್ತು ಎಂದು ಬರೆದರೆ ನೀನು ನಗುತ್ತೀಯ. ಧೈರ್ಯವಾಗಲಿಲ್ಲ, ಅಷ್ಟೇ. ಹೊಸ ಆಫೀಸು, ಬಾಡಿಗೆ ಮನೆ ಒಗ್ಗಿವೆಯೇ? ಇಲ್ಲಿ ಅಡುಗೆ ನನ್ನದೇ. ನಮ್ಮ ಹತ್ತು ವರ್ಷದ ಯಜಮಾನಿ ಕಡ್ಡಿ ತಟ್ಟೆಯನ್ನು ದಿಟ್ಟಿಸಿ, "ಅಪ್ಪ, ಇದು ಸೀದಿದ್ದಾ, ಇಲ್ಲ ಇದರ ಬಣ್ಣಾನೇ ಇಷ್ಟಾ?" ಎನ್ನುತ್ತಾಳೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಸ್ಕ್ಯಾನ್ ಕೋಣೆಯಲ್ಲಿ ಒಂದು ಅಧ್ಯಯನ ನಡೆಯುತ್ತಿದೆ. ಗೀಳು ಕಾಯಿಲೆಯಿರುವ ಮಕ್ಕಳ ಮಿದುಳನ್ನು ಅದಿಲ್ಲದ ಮಕ್ಕಳ ಮಿದುಳಿನೊಂದಿಗೆ ಹೋಲಿಸಿ ನೋಡುವುದು. ಗೀಳಿಲ್ಲದ ಮಕ್ಕಳು ಸಾಲದೆ ಬಂದಾಗ ಸಿಬ್ಬಂದಿ ತಮ್ಮ ತಮ್ಮ ಮಕ್ಕಳನ್ನೇ ಕರೆತರುವುದು ಇಲ್ಲಿನ ರೂಢಿ. ಹೋದ ವಾರ ಶನಿವಾರ ನಾನು ಕಡ್ಡಿಯನ್ನು ಕರೆದೊಯ್ದೆ. ಅರ್ಜಿಯಲ್ಲಿ ಗೀಳಿನ ಲಕ್ಷಣಗಳಿವೆಯೇ ಎಂದು ಕೇಳಿದ ಕಡೆ 'ಇಲ್ಲ' ಎಂದು ಬರೆದು ಸಹಿ ಹಾಕಿದೆ. ತೊಳೆದು ತೊಳೆದು ಒಡೆದುಹೋದ ಅವಳ ಕೈಗಳನ್ನು ನೀನು ಒಂದು ವರ್ಷ ನನ್ನ ಮುಂದೆ ಹಿಡಿದು ತೋರಿಸಿದ್ದೆ. ನಾನು, "ಚೊಕ್ಕ ಹುಡುಗಿ ಕಣೇ, ಬಿಡು" ಎನ್ನುತ್ತ ಬಂದಿದ್ದೆ. ಸಹಿ ಹಾಕುವಾಗಲೂ ಅದನ್ನೇ ಅಂದುಕೊಂಡೆ.

ಹದಿನೇಳು ವರ್ಷಗಳಿಂದ ಆ ಯಂತ್ರದ ಮುಂದೆ ಕೂತಿದ್ದೇನೆ. ಅದರ ಸದ್ದು, ತಗಡಿನ ಮೇಲೆ ಸುತ್ತಿಗೆ ಬಡಿದಂತೆ. ದೊಡ್ಡವರೇ ಮಿಸುಕಾಡುತ್ತಾರೆ. ಮಕ್ಕಳಂತೂ ಮೂಗು ತುರಿಸಲು ಹೋಗಿ ಚಿತ್ರವೆಲ್ಲ ಅಲೆ ಅಲೆಯಾಗುತ್ತದೆ. ಇವಳು ನಲವತ್ತು ನಿಮಿಷ ಕೂದಲೆಳೆಯಷ್ಟೂ ಅಲುಗಲಿಲ್ಲ. ಪರದೆಯ ಮೇಲೆ ಪದರ ಪದರವಾಗಿ ಅವಳ ಮಿದುಳು ಮೂಡಿಬಂತು. ಅಷ್ಟು ನಿಚ್ಚಳವಾದ ಚಿತ್ರವನ್ನು ನಾನು ಕಂಡಿರಲಿಲ್ಲ. ನಮಗೆ ಹುಟ್ಟಿದ, ನಾವು ತಲೆ ಬಾಚಿ ಕಳಿಸುವ ಈ ಹುಡುಗಿಯೊಳಗೆ ಇಷ್ಟೊಂದು ತಿರುವು, ಇಷ್ಟೊಂದು ಓಣಿ! ಮುಂದಿನ ಗುಂಡಿ ಒತ್ತುವುದನ್ನೇ ಮರೆತೆ.

ಅಧ್ಯಯನದ ಡಾಕ್ಟರಮ್ಮ ಬೆನ್ನ ಹಿಂದೆ ಬಂದು, "ಏನ್ರೀ, ಮಗಳನ್ನ ಅಂಟು ಹಾಕಿ ಮಲಗಿಸಿದ್ದೀರಾ?" ಎಂದು ನಕ್ಕರು.

ಹೊರಗೆ ಬಂದ ಮೇಲೆ ಅವಳನ್ನೇ ಕೇಳಿದರು, "ಅದು ಹೇಗಮ್ಮ ಅಷ್ಟು ಹೊತ್ತು ಅಲ್ಲಾಡದೆ ಇದ್ದೆ?"

"ಅಲ್ಲಾಡಿದ್ರೆ ಅಪ್ಪ ಸತ್ತುಹೋಗ್ತಾನೆ ಅನ್ನಿಸ್ತು. ಸದ್ದನ್ನ ಏಳೇಳಾಗಿ ಎಣಿಸ್ತಾ ಇದ್ದೆ. ಎರಡು ಸಲ ತಪ್ಪೋಯ್ತು, ಮತ್ತೆ ಮೊದಲಿಂದ ಎಣಿಸ್ದೆ."

ಬಸ್ಸಿನ ನಂಬರು ಹೇಳುವ ದನಿಯಲ್ಲಿ ಹೇಳಿದಳು. ಡಾಕ್ಟರಮ್ಮ ನನ್ನ ಕಡೆ ನೋಡಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತರು.

ಆಮೇಲೆ ನಾನು, ಆ ಭಯ ಚಿತ್ರದಲ್ಲಿ ಎಲ್ಲಿದೆ ತೋರಿಸಿ ಎಂದೆ. ಹದಿನೇಳು ವರ್ಷ ಕೆಲಸ ಮಾಡಿದವನು ಕೇಳುವ ಪ್ರಶ್ನೆಯೇ ಅದು! "ಒಂದು ಚಿತ್ರದಲ್ಲಿ ಕಾಣಲ್ಲ, ನಿಮಗೂ ಗೊತ್ತು" ಎಂದರು. "ನೂರಾರು ಮಕ್ಕಳದ್ದು ಒಟ್ಟಿಗೆ ಇಟ್ಟು ನೋಡಿದ್ರೆ, ಮಿದುಳಿನ ನಡುವೆ ಇರೋ ಥಾಲಮಸ್ ಅನ್ನೋ ಭಾಗ ಗೀಳಿರೋ ಕೆಲವು ಮಕ್ಕಳ ಗುಂಪಿನಲ್ಲಿ ಸರಾಸರಿ ಒಂದು ಚೂರು ದೊಡ್ಡದು. ಅಷ್ಟೇ. ಕಾಯಿಲೆ ಗೊತ್ತಾಗೋದು ಮಗು ಬಾಯಿ ಬಿಟ್ಟಾಗ, ಯಾರಾದ್ರೂ ಕೇಳಿಸ್ಕೊಂಡಾಗ."

ಅವಳ ಚಿತ್ರವನ್ನು ಗೀಳಿಲ್ಲದವರ ಗುಂಪಿನಿಂದ ತೆಗೆದಿದ್ದಾರೆ. ಗುರುವಾರ ಚಿಕಿತ್ಸೆಗೆ ಮೊದಲ ಸಲ ಹೋಗಿಬಂದೆವು. ಭಯವನ್ನು ಇಷ್ಟಿಷ್ಟೇ ಎದುರಿಸುವ ಅಭ್ಯಾಸ, ವಾರಕ್ಕೊಮ್ಮೆ. ಬಹಳ ಮಕ್ಕಳು ಚೇತರಿಸಿಕೊಳ್ಳುತ್ತಾರಂತೆ.

ಆದರೆ ನನಗೆ ಆ ನಲವತ್ತು ನಿಮಿಷದಿಂದ ಹೊರಗೆ ಬರಲಾಗುತ್ತಿಲ್ಲ. ಅವಳು ನನ್ನ ಜೀವವನ್ನು ಹಿಡಿದುಕೊಂಡು ಮಲಗಿದ್ದಳು. ನಾನು ಗಾಜಿನ ಈಚೆ ಕೂತು ಚಿತ್ರದ ಅಂದ ನೋಡುತ್ತಿದ್ದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಎಲ್ಲ ಒಳ್ಳೆಯದಾಗಲಿ.

ಇನ್ನೂ ನಿನ್ನವನೇ ಎಂದುಕೊಂಡಿರುವ,
ಕಡ್ಡಿಯ ಅಪ್ಪ

ತಾ.ಕ.: ಇದನ್ನು ಮೇಲೆ ಬರೆಯಲಾಗಲಿಲ್ಲ. ನಿನ್ನೆ ಅವಳು, "ಅಮ್ಮ ಹೋಗಿದ್ದು ನಾನು ಬಾಗಿಲನ್ನ ಏಳು ಸಲ ಮುಟ್ಟಲಿಲ್ಲ ಅಂತಾನಾ?" ಎಂದು ಕೇಳಿದಳು. ಇಲ್ಲ, ಅಮ್ಮನಿಗೆ ವರ್ಗ ಆಯಿತಲ್ಲ ಎಂದೆ. ಅದಕ್ಕವಳು, "ಅಮ್ಮಾನೇ ಕೇಳಿ ಮಾಡಿಸ್ಕೊಂಡಿದ್ದು. 'ಮಗೂನ ರೋಗಿ ಮಾಡ್ತಿರೋದೇ ನೀನು' ಅಂತ ನೀನು ಬೈದ್ಯಲ್ಲ, ನಂಗೆ ಕೇಳಿಸ್ತು. ಅವತ್ತೇ ನಾನು ಮುಟ್ಟೋದು ಮರ್ತಿದ್ದೆ." ನಾನಾಡಿದ ಮಾತಿನ ಹೊಣೆಯನ್ನೂ ಅವಳೇ ಹೊತ್ತಿದ್ದಾಳೆ. ನಾನು ಹೇಳಿದರೆ ನಂಬುತ್ತಿಲ್ಲ. ನೀನು ಹೋದದ್ದು ನನ್ನಿಂದ ಎಂದು ನೀನೇ ಅವಳಿಗೆ ಬರೆ. ಬಿಡಿಸಿ ಬರೆ. ನನ್ನ ಮಾನ ಉಳಿಸಲು ನೋಡಬೇಡ.