ಮೊದಲ ಸಾಲಿನಲ್ಲಿ ಕೂತವಳು

ಮೋಲ್ನ್‌ಡಾಲ್, ಸ್ವೀಡನ್
೨೭ ಏಪ್ರಿಲ್ ೨೦೨೫, ಭಾನುವಾರ

ಪ್ರೀತಿಯ ಶಮೀಮ್,

ಹೇಗಿದ್ದೀ ಮಾರಾಯ್ತಿ? ಮಂಗಳೂರಿನಲ್ಲಿ ಸೆಕೆ ಜೋರಿರಬೇಕು. ಮೊಣಕಾಲು ನೋವು ಕಡಿಮೆಯಾಯ್ತಾ? ಕ್ರಿಸ್‌ಮಸ್‌ನಿಂದ ನೀನು ಕಳಿಸಿದ ವಾಯ್ಸ್ ಮೆಸೇಜುಗಳನ್ನೆಲ್ಲ ಕೇಳಿದ್ದೇನೆ, ಒಂದಕ್ಕೂ ಉತ್ತರ ಕೊಟ್ಟಿಲ್ಲ. ಈದ್ ದಿನವೂ ಫೋನ್ ಮಾಡಲಿಲ್ಲ. ಜೂಲಿಯಾನಾಗೆ ಕೊಬ್ಬು ಬಂದಿದೆ ಅಂದುಕೊಂಡಿರುತ್ತೀ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ. ಇದನ್ನು ಬಾಯಲ್ಲಿ ಹೇಳಲು ಹೊರಟರೆ ನನ್ನ ದನಿ ನನಗೇ ಹೆದರಿಕೆ ಹುಟ್ಟಿಸುತ್ತದೆ, ಅದಕ್ಕೇ ಪೆನ್ನು ಹಿಡಿದೆ. ಸಾಲು ಅಡ್ಡಾದಿಡ್ಡಿ ಓಡಿದ್ದರೆ ಕ್ಷಮಿಸು.

ಕಾಲೇಜಿನಲ್ಲಿ ಫಿಲ್ಮ್ ಸೊಸೈಟಿಯ ಮರದ ಬೆಂಚಿನ ಮೇಲೆ ಕೂತು ಸಿನಿಮಾ ನೋಡಿ, ಪುಸ್ತಕವೇ ಹೆಚ್ಚು ಅಂತ ನೀನು, ಸಿನಿಮಾ ಹೆಚ್ಚು ಅಂತ ನಾನು, ಹಂಪನಕಟ್ಟೆಯ ಬಸ್‌ಸ್ಟಾಪಿನ ತನಕ ಜಗಳವಾಡುತ್ತಿದ್ದೆವು ನೆನಪುಂಟಾ? ಇಲ್ಲಿಯೂ ಅಂಥದ್ದೊಂದು ಕ್ಲಬ್ ಸಿಕ್ಕಿತು. ಲೈಬ್ರರಿಯ ನೆಲಮಾಳಿಗೆಯಲ್ಲಿ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಹಳೆಯ ಸಿನಿಮಾ ತೋರಿಸುತ್ತಾರೆ. ನಡೆಸುವವಳು ಗುನ್ವೋರ್ ಅಂತ, ಎಪ್ಪತ್ತೆಂಟರ ಮುದುಕಿ, ಮೊದಲು ಸಂಗೀತದ ಟೀಚರ್ ಆಗಿದ್ದವಳು. ಮೂಕಿ ಚಿತ್ರಕ್ಕೆ ಪಿಯಾನೋ ಕೂಡ ಅವಳೇ ನುಡಿಸುತ್ತಾಳೆ. ಮೊದಲ ದಿನವೇ ಎದ್ದು ನಿಂತು, "ದೆವ್ವದ ಸಿನಿಮಾ, ರಾಕ್ಷಸರ ಸಿನಿಮಾ ಕೀಳು ಅನ್ನುವವರು ಕಾಫಿ ಕುಡಿದು ಮನೆಗೆ ಹೋಗಬಹುದು" ಅಂದಳು. ಅಲ್ಲೇ ನನಗೆ ಇಷ್ಟವಾಗಿಬಿಟ್ಟಳು.

ನವೆಂಬರಿನಲ್ಲಿ ಒಂದು ಮೂಕಿ ಚಿತ್ರ ಹಾಕಿದರು. ನೂರು ವರ್ಷ ಹಳೆಯದು, ಒಂದು ಕಾದಂಬರಿಯಿಂದ ಮಾಡಿದ್ದು. ಮೀನುಗಾರನ ಹೆಂಡತಿ, ಸಮುದ್ರದಲ್ಲಿ ಮುಳುಗಿದ ಗಂಡ ಬಂದೇ ಬರುತ್ತಾನೆ ಅಂತ ಕಾಯುವ ಕಥೆ. ಪುಸ್ತಕದಲ್ಲಿ ಅವಳ ಮನಸ್ಸಿಗೇ ಹತ್ತು ಪುಟ ಉಂಟಂತೆ. ಸಿನಿಮಾದಲ್ಲಿ ಅವಳು ಮೇಜಿನ ಮೇಲೆ ಎರಡು ತಟ್ಟೆ ಇಡುತ್ತಾಳೆ. ಒಂದನ್ನು ವಾಪಸ್ ತೆಗೆಯುತ್ತಾಳೆ. ಸ್ವಲ್ಪ ಹೊತ್ತು ನಿಂತು, ಮತ್ತೆ ಇಡುತ್ತಾಳೆ. ಅಷ್ಟೇ ಶಮೀಮ್! ಹತ್ತು ಪುಟ ಮುಗಿಯಿತು. ನೀನು ಪಕ್ಕದಲ್ಲಿದ್ದಿದ್ದರೆ ಆವತ್ತು ಸೋಲು ಒಪ್ಪಿಕೊಳ್ಳುತ್ತಿದ್ದಿ.

ಆದರೆ ಆ ತಟ್ಟೆ ಸರಿಯಾಗಿ ಕಾಣದ ಹಾಗೆ ನನ್ನ ಮುಂದೆ ಒಬ್ಬಳು ಕೂತಿದ್ದಳು. ಮೊದಲ ಸಾಲಿನಲ್ಲಿ. ಅಗಲವಾದ ಟೋಪಿ, ಅದರ ಮೇಲೆ ಹಕ್ಕಿಯ ಗರಿ, ಕತ್ತಿನ ತನಕ ಗುಂಡಿ ಹಾಕಿದ ಕಡು ಹಸಿರು ಕೋಟು. ಕೋಟಿನ ಹೊಲಿಗೆ ಎಣಿಸುವಷ್ಟು ಸ್ಪಷ್ಟ. ಹಳೆಯ ಸಿನಿಮಾ ಅಂತ ಹಳೆಯ ಉಡುಪು ಹಾಕಿ ಬಂದಿದ್ದಾಳೆ, ಟೋಪಿಯಾದರೂ ತೆಗೆಯಬಾರದಾ ಅಂದುಕೊಂಡೆ. ಲೈಟ್ ಹಾಕಿದಾಗ ಅವಳು ಇರಲಿಲ್ಲ. ಫೀಕಾದ ಹೊತ್ತಿಗೆ, ಅಂದರೆ ಇಲ್ಲಿಯವರ ಕಾಫಿ ವಿರಾಮದಲ್ಲಿ, ಎಲ್ಲರೂ ಕಾಫಿ ಬನ್ನು ಹಿಡಿದು ನಿಂತಿದ್ದಾಗ, ಗುನ್ವೋರಳನ್ನು ಕೇಳಿದೆ.

"ಮುಂದೆ ಕೂತಿದ್ದ ಟೋಪಿಯವಳು ಯಾರು?"

"ಯಾವ ಟೋಪಿ?"

"ಮೊದಲ ಸಾಲಿನಲ್ಲಿ. ಗರಿ ಇತ್ತಲ್ಲ."

ಗುನ್ವೋರ್ ಕಪ್ಪು ಕೆಳಗಿಟ್ಟಳು. "ಜೂಲಿಯಾನಾ, ಅಲ್ಲಿ ಪೈಪ್ ಸೋರಿ ಎರಡು ವಾರವಾಯಿತು. ಮೊದಲ ಸಾಲಿನ ಕುರ್ಚಿಗಳನ್ನೆಲ್ಲ ತೆಗೆದಿದ್ದೇವೆ."

ಹೋಗಿ ನೋಡಿದೆ. ಬರೀ ನೆಲ. ಒದ್ದೆಯ ಕಲೆ.

ಮುಂದಿನ ಶನಿವಾರ ಒಬ್ಬ ಗಂಡಸು ಬಂದ. ಉದ್ದ ಕೋಟು, ಕೈಯಲ್ಲಿ ಕೋಲು. ಗೋಡೆಗೆ ಒತ್ತಿಕೊಂಡು ನಡೆದ, ಹೆಜ್ಜೆಯ ಸದ್ದಿಲ್ಲ. ಸಿನಿಮಾ ಮುಗಿದು ಲೈಟ್ ಹಾಕಿದ ಮೇಲೂ ನಿಂತೇ ಇದ್ದ. ಜನ ಅವನ ಮೂಲಕವೇ ಹೊರಗೆ ಹೋದರು! ಆಮೇಲೆ ಇಂಥವರು ಹಾಲ್ ಬಿಟ್ಟು ಹೊರಗೂ ಕಾಣಿಸತೊಡಗಿದರು. ಟ್ರಾಮ್ ಸ್ಟಾಪಿನಲ್ಲಿ ಬೆಳಗ್ಗೆ ಎಂಟಕ್ಕೆ ಮೂವರು ಹೆಂಗಸರು, ನೆಲ ಗುಡಿಸುವ ಲಂಗ ಉಟ್ಟು ನಿಂತಿದ್ದರು. ಜಡಿಮಳೆ ಹೊಡೆಯುತ್ತಿತ್ತು, ಅವರ ಬಟ್ಟೆಯ ಮೇಲೆ ಒಂದು ಹನಿಯಿಲ್ಲ. ನಡುವಿನವಳು ನನ್ನ ಕಡೆ ತಿರುಗಿ ಏನೋ ಹೇಳಿದಳು. ತುಟಿ ಅಲ್ಲಾಡಿತು. ಸ್ವರವಿಲ್ಲ. ಟ್ರಾಮ್ ಬಂತು, ನಾನು ಹತ್ತಲಿಲ್ಲ. ಹತ್ತಿದರೆ ಅವರೂ ಹತ್ತುತ್ತಾರೇನೋ ಅಂತ.

ಮೂವತ್ತು ವರ್ಷ ಲ್ಯಾಬಿನಲ್ಲಿ ಔಷಧಿ ಪರೀಕ್ಷೆ ಮಾಡಿದವಳು ನಾನು. ಹೆದರಿದರೂ ಬರೆದಿಟ್ಟುಕೊಳ್ಳುವುದು ಬಿಡಲಿಲ್ಲ. ಒಂದು ನೋಟ್‌ಬುಕ್ ಮಾಡಿದೆ: ತಾರೀಖು, ಸಮಯ, ಎಷ್ಟು ಜನ, ಏನು ಉಟ್ಟಿದ್ದರು. ಕ್ರಿಸ್‌ಮಸ್ ಹೊತ್ತಿಗೆ ಇಪ್ಪತ್ತೆರಡು ಸಲ ಆಗಿತ್ತು. ಪರಿಚಯದ ಮುಖ ಒಂದೂ ಇಲ್ಲ. ಸದ್ದು ಒಮ್ಮೆಯೂ ಇಲ್ಲ. ಸಿನಿಮಾದ ಪರದೆಯಲ್ಲಿ ಎಲ್ಲೋ ಹರಿದಿದೆ, ಅಲ್ಲಿಂದ ಇವರೆಲ್ಲ ಇಳಿದು ಬರುತ್ತಿದ್ದಾರೆ ಅಂತ ನಾನು, ಈ ವಯಸ್ಸಿನಲ್ಲಿ, ನಿಜವಾಗಿಯೂ ಯೋಚಿಸಿದ್ದೆ.

ಕಟ್ಟಿಕೊಂಡ ಗಂಡ ಓಲ್ವಿನ್‌ಗೂ ಹೇಳಿರಲಿಲ್ಲ. ಆದರೆ ಒಂದು ಬೆಳಗ್ಗೆ ತಿಂಡಿಗೆ ಕೂತಿದ್ದಾಗ ಗೊತ್ತಿಲ್ಲದೆ ಬಾಯಿಂದ ಬಂತು: "ಸ್ವಲ್ಪ ಆಚೆ ಸರಿಯಿರಿ, ಅವರಿಗೆ ಜಾಗ ಇಲ್ಲ."

ಅವರು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಚಾಕು ಹಾಗೇ ಹಿಡಿದುಕೊಂಡು, "ಯಾರಿಗೆ?" ಅಂದರು.

ಅವರ ಪಕ್ಕದ ಕುರ್ಚಿಯಲ್ಲಿ ಟೋಪಿಯವಳು ಕೂತಿದ್ದಳು. ಅವತ್ತು ಮೊದಲ ಸಲ ಅವಳ ಮುಖ ಕಂಡಿತು. ಹುಬ್ಬಿನ ಒಂದೊಂದು ಕೂದಲು, ತುಟಿಯ ಮೇಲೆ ಒಂದು ಸಣ್ಣ ಒಡಕು. ಓಲ್ವಿನ್ ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟು, "ಪಾದ್ರಿಯವರನ್ನು ಒಮ್ಮೆ ಕರೆಸೋಣವಾ ಜೂಲಿ?" ಅಂತ ಮೆತ್ತಗೆ ಕೇಳಿದರು. ಆ ಮೆತ್ತಗಿನ ದನಿಗೇ ನಾನು ಹೆಚ್ಚು ಹೆದರಿದ್ದು. ನನ್ನ ದೊಡ್ಡಮ್ಮನ ಕೋಣೆಗೆ ಹೊರಗಿನಿಂದ ಚಿಲಕ ಹಾಕುವ ಮೊದಲು ಮನೆಯವರೆಲ್ಲ ಅವರ ಹತ್ತಿರ ಹೀಗೇ ಮಾತಾಡುತ್ತಿದ್ದರು.

ಪಾದ್ರಿಯವರು ಬರುವ ಮೊದಲೇ ಜನವರಿಯಲ್ಲಿ ಕೆಲಸದಲ್ಲಿ ತಪ್ಪಾಯಿತು. ಬಾಟಲಿಯ ಲೇಬಲ್ ತಪ್ಪಾಗಿ ಓದಿದೆ, ಅದೂ ಎರಡು ಸಲ. ಕನ್ನಡಕ ಬದಲಿಸಬೇಕೇನೋ ಅಂತ ಕಣ್ಣಿನ ಡಾಕ್ಟರ್ ಹತ್ತಿರ ಹೋದೆ. ನಮ್ಮ ಮಕ್ಕಳ ವಯಸ್ಸಿನ ಹುಡುಗಿ. ಅರ್ಧ ಗಂಟೆ ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು. ಆಮೇಲೆ ದೀಪ ಆರಿಸಿ, ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದಳು:

"ಇಲ್ಲದ ಜನ ಕಾಣಿಸುತ್ತಾರಾ?"

ನಾನು ಒಂದಕ್ಷರ ಹೇಳಿರಲಿಲ್ಲ ಶಮೀಮ್.

"ಹಳೆ ಕಾಲದ ಬಟ್ಟೆ? ಟೋಪಿ? ಮಾತಾಡುವುದಿಲ್ಲ, ಅಲ್ಲವಾ?"

ಹೂಂ ಅಂದೆ, ಅಳು ಬಂತು. ಅವಳು ಕೈ ಹಿಡಿದುಕೊಂಡು ಬಿಡಿಸಿ ಹೇಳಿದಳು. ಎರಡೂ ಕಣ್ಣಿನ ನಡುಭಾಗ ಸಾಯುತ್ತಿದೆ. ಅಲ್ಲಿಂದ ಚಿತ್ರ ಬರುವುದು ನಿಂತಾಗ ಮೆದುಳು ಖಾಲಿ ಜಾಗವನ್ನು ಸಹಿಸುವುದಿಲ್ಲ, ತನ್ನದೇ ಚಿತ್ರ ಮಾಡಿ ತುಂಬುತ್ತದೆ. ಕಿವಿ ಚೆನ್ನಾಗಿರುವುದರಿಂದ ಆ ಚಿತ್ರಕ್ಕೆ ಸ್ವರ ಇರುವುದಿಲ್ಲ. "ನಿಮಗೆ ಹುಚ್ಚಲ್ಲ. ಎಷ್ಟೋ ಜನಕ್ಕೆ ಹೀಗಾಗುತ್ತದೆ, ಹೆದರಿ ಹೇಳುವುದಿಲ್ಲ ಅಷ್ಟೇ" ಅಂದಳು. ಹುಚ್ಚಲ್ಲ ಅನ್ನುವುದನ್ನು ಮಾತ್ರ ಹಿಡಿದುಕೊಂಡು ನಗುತ್ತಾ ಹೊರಗೆ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಮೊದಲಿನ ಮಾತು ತಲೆಗೆ ಹೋಯಿತು. ಕಣ್ಣು ಸಾಯುತ್ತಿದೆ. ಔಷಧಿಯಿಂದ ನಿಧಾನ ಮಾಡಬಹುದಂತೆ, ನಿಲ್ಲಿಸಲಾಗದಂತೆ.

ಈಗ ಕೆಲಸಕ್ಕೆ ರಜೆ. ಓಲ್ವಿನ್‌ಗೆ ಎಲ್ಲ ಗೊತ್ತು. ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿಗೆ ಬೇರೆ ಬೇರೆ ದಪ್ಪದ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದಾರೆ, ಪಾಪ. ಕ್ಲಬ್ಬಿಗೆ ಹೋಗುವುದು ಮಾತ್ರ ಬಿಟ್ಟಿಲ್ಲ. ಮೂಕಿ ಚಿತ್ರದ ನಡುವೆ ಬರೆದ ಮಾತು ಬರುತ್ತದಲ್ಲ, ಅದು ನನಗೆ ಓದಲಾಗುವುದಿಲ್ಲ ಅಂತ ತಿಳಿದ ಮೇಲೆ ಗುನ್ವೋರ್ ಪಿಯಾನೋ ನಿಲ್ಲಿಸಿ ತಾನೇ ಜೋರಾಗಿ ಓದುತ್ತಾಳೆ. ಹಾಲಿನಲ್ಲಿ ಒಬ್ಬರೂ ಗೊಣಗಿಲ್ಲ. ಕಳೆದ ತಿಂಗಳು ಮಾತಿನ ಸಿನಿಮಾದ ಕಾಲಕ್ಕೆ ಬಂದೆವು. ಆಕಾಶದಿಂದ ಇಳಿದ ರಬ್ಬರಿನ ರಾಕ್ಷಸ, ಬೆನ್ನಿನ ಜಿಪ್ ಕಾಣಿಸುತ್ತಿತ್ತಂತೆ, ಎಲ್ಲರೂ ನಕ್ಕರು. ಜಿಪ್ ಕಾಣದ ನಾನು ಮಾತ್ರ ಕಿರುಚಿದೆ! ಒಳ್ಳೆಯ ಪ್ರೇಕ್ಷಕಿ ಅಂದರೆ ಇವಳು ಅಂತ ಗುನ್ವೋರ್ ನನಗೆ ಎರಡು ಬನ್ನು ಕೊಟ್ಟಳು.

ಅವರು ಈಗಲೂ ಬರುತ್ತಾರೆ. ಕಾರಣ ತಿಳಿದರೆ ಹೋಗುತ್ತಾರೆ ಅಂದುಕೊಂಡಿದ್ದೆ, ಹೋಗಲಿಲ್ಲ. ಇದನ್ನು ಬರೆಯುವಾಗಲೂ ಕಿಟಕಿಯ ಹತ್ತಿರ ಇಬ್ಬರು ನಿಂತಿದ್ದಾರೆ, ಬೆನ್ನು ನನ್ನ ಕಡೆ. ಮೆದುಳಿನ ಆಟ ಅಂತ ಗೊತ್ತಿದ್ದೂ, ಅವರು ತಿರುಗಬಾರದು ಅಂತ ಪ್ರಾರ್ಥಿಸುತ್ತೇನೆ.

ನಿನ್ನ ಮಗ ಜಾವೇದ್‌ಗೂ ಸೊಸೆಗೂ ನನ್ನ ಆಶೀರ್ವಾದ. ದೇವರು ನಿನ್ನ ಮನೆಯ ದೀಪಗಳನ್ನು ಚೆನ್ನಾಗಿಟ್ಟಿರಲಿ. ಮೊಣಕಾಲಿಗೆ ಎಣ್ಣೆ ಹಚ್ಚಿಕೋ, ಮೆಟ್ಟಿಲು ಹತ್ತಬೇಡ.

ನಿನ್ನ
ಜೂಲಿಯಾನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನನ್ನ ಮಗಳು ಮೆಲಿಸಾಗೆ ಫೆಬ್ರವರಿಯಲ್ಲಿ ಹೆಣ್ಣು ಮಗು ಹುಟ್ಟಿದೆ. ಮದುವೆಯಾಗದೆ ಸ್ವೀಡಿಷ್ ಹುಡುಗನ ಜೊತೆ ಕಾರ್ಲ್‌ಸ್ಟಾಡ್‌ನಲ್ಲಿ ಸಂಸಾರ ಮಾಡಿದಳು ಅಂತ ಒಂದು ವರ್ಷ ನಾನು ಅವಳ ಹತ್ತಿರ ಮಾತು ಬಿಟ್ಟಿದ್ದೆ, ನಿನಗೂ ಹೇಳಿರಲಿಲ್ಲ. ಮಾರ್ಚಿನಲ್ಲಿ ಅವಳೇ ಮಗುವನ್ನು ಎತ್ತಿಕೊಂಡು ಬಂದು ನನ್ನ ಮಡಿಲಲ್ಲಿ ಹಾಕಿದಳು. ನೇರ ನೋಡಿದರೆ ಮುಖ ಇರಬೇಕಾದ ಕಡೆ ಬೂದಿಯ ಹಾಗೆ ಏನೋ, ಮುಖವಿಲ್ಲ. ಕಣ್ಣನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿದರೆ ಅಂಚಿನಲ್ಲಿ ಕಾಣುತ್ತದೆ ಅಂತ ಡಾಕ್ಟರ್ ಹೇಳಿಕೊಟ್ಟಿದ್ದಳು. ಹಾಗೇ ಮಾಡಿದೆ. ಮಸುಕಾಗಿ ಒಂದು ಕೆನ್ನೆ ಕಂಡಿತು. ಇನ್ನಷ್ಟು ಕಾಣಲಿ ಅಂತ ಇನ್ನೂ ತಿರುಗಿದೆ.

"ಮಮ್ಮಾ, ನೀನು ಅವಳನ್ನ ನೋಡ್ತಾನೂ ಇಲ್ಲ" ಅಂತ ಮೆಲಿಸಾ ಇಂಗ್ಲಿಷಿನಲ್ಲಿ ಅಂದಳು. "ಇನ್ನೂ ಮುಖ ತಿರುಗಿಸ್ಕೋತೀಯಲ್ಲ."

ಮಗುವನ್ನು ಎತ್ತಿಕೊಂಡು ಮಧ್ಯಾಹ್ನದ ಟ್ರೇನಿಗೇ ಹೋದಳು. ನಾನು ಬಾಯಿ ಬಿಡಲಿಲ್ಲ. ಇಲ್ಲದವರನ್ನು ಕಾಣುವ ಅಜ್ಜಿಯ ಕೈಗೆ ಯಾರು ಮಗು ಕೊಡುತ್ತಾರೆ ಅಂತ. ಹೇಳಬಾರದು ಅಂತ ಓಲ್ವಿನ್ ಹತ್ತಿರವೂ ಆಣೆ ಹಾಕಿಸಿಕೊಂಡೆ. ಆರು ವಾರವಾಯಿತು, ಅವಳ ಫೋನ್ ಇಲ್ಲ.

ಇವತ್ತು ಹತ್ತೂವರೆಯ ಟ್ರೇನಿಗೆ ಇಬ್ಬರೂ ಕಾರ್ಲ್‌ಸ್ಟಾಡ್‌ಗೆ ಹೊರಟಿದ್ದೇವೆ. ಈ ಪತ್ರವನ್ನು ಸ್ಟೇಷನ್ನಿನ ಡಬ್ಬಿಗೆ ಹಾಕುತ್ತೇನೆ. ಅವಳು ಬಾಗಿಲು ತೆಗೆದ ಕೂಡಲೇ ಹೇಳಬೇಕಾದ ಮಾತನ್ನು ಬೆಳಗ್ಗಿನಿಂದ ಬಾಯಿಪಾಠ ಮಾಡುತ್ತಿದ್ದೇನೆ: ನಾನು ಮಗುವನ್ನು ನೋಡಲಿಕ್ಕೇ ಮುಖ ತಿರುಗಿಸಿದ್ದು ಮಗಳೇ.