ಮೊದಲ ಚಪ್ಪಾಳೆ

ನವೆಂಬರ್ 14, ಭಾನುವಾರ.

ಆ ಚಪ್ಪಾಳೆ ಇನ್ನೂ ಕಿವಿಯಲ್ಲಿ ಮೊಳಗುತ್ತಿದೆ. ಮೊಳಗಲಿ! ಶುರು ಮಾಡಿದವನು ನಾನೇ ತಾನೆ.

ಸರ್ಕಾರದ ಸಾಲ ಇಳಿಸಲು ಯಾವ ಖರ್ಚು ಕಡಿಯಬೇಕೆಂದು ಇವತ್ತು ಶಾಲೆಯ ಸಭಾಂಗಣದಲ್ಲಿ ಬಹಿರಂಗ ವಿಚಾರಣೆ. ಒಂದೊಂದು ಯೋಜನೆಗೆ ಒಂದೊಂದು ಗಂಟೆ, ಕೊನೆಗೆ ಸಮಿತಿಯ ಆರು ಜನ ಎತ್ತುವ ಫಲಕವೇ ತೀರ್ಪು. ಬೂಟು ಬಾಗಿಲಲ್ಲಿ ಬಿಟ್ಟು, ಶಾಲೆಯವರು ಕೊಟ್ಟ ಒಳಚಪ್ಪಲಿ ಮೆಟ್ಟಿ ಕೂತೆವು.

ನನ್ನ ಯೋಜನೆಗಿಂತ ಮೊದಲು ಇಸೋಬೆ ಎಂಬ ಹಿರಿಯ ಹೆಂಗಸಿನದು, ದ್ವೀಪಗಳಿಗೆ ಪುಸ್ತಕ ಒಯ್ಯುವ ದೋಣಿ. ಆರು ಫಲಕವೂ ‘ರದ್ದು’.

"ಮೊಮ್ಮಕ್ಕಳ ತಲೆ ಮೇಲಿಂದ ಎರಡು ಕೋಟಿ ಯೆನ್ ಸಾಲ ಇಳೀತು ನೋಡಿ!" ಅಂದ ಅಧ್ಯಕ್ಷ ತೊಕುರಾ.

ನಾನು ಚಪ್ಪಾಳೆ ತಟ್ಟಿದೆ. ಅಲ್ಲಿ ಉಳಿಸಿದರೆ ಶಾಲೆ ಶಾಲೆ ಸುತ್ತುವ ನನ್ನ ನಾಟಕ ತಂಡಕ್ಕೆ ಕರುಣೆ ತೋರಿಯಾರು ಎಂಬ ಆಸೆ. ಕೊನೆಯ ಸಾಲಿಗೂ ಕೇಳುವಂತೆ ಪಳಗಿದ ಕೈ. ಇಡೀ ಸಭೆ ಹಿಂಬಾಲಿಸಿತು.

ಆಮೇಲೆ ನನ್ನ ಪ್ರವೇಶ. ಗುಡುಗಿದೆ, ಗದ್ಗದಿತನಾದೆ.

"ಕಂಠ ಭರ್ಜರಿಯಾಗಿದೆ ಮಾಸ್ಟ್ರೇ," ಅಂದ ತೊಕುರಾ. "ನಾಟಕ ನೋಡಿದ ಮಕ್ಕಳ ಅಂಕ ಎಷ್ಟು ಏರ್ತು, ಅದನ್ನ ಹೇಳಿ."

ನಲವತ್ತು ವರ್ಷ ಮಾತು ಮರೆಯದ ನಾಲಿಗೆ, ಗುಡುಗಿದ್ದನ್ನೇ ಮತ್ತೆ ಗುಡುಗಿತು. ರದ್ದು, ಆರಕ್ಕೆ ಆರು. ಅದೇ ಚಪ್ಪಾಳೆ.

ಬಾಗಿಲಲ್ಲಿ ಇಸೋಬೆ ನನಗೆ ಮೆಟ್ಟಲು ಸುಲಭವಾಗಲೆಂದು ನನ್ನ ಬೂಟುಗಳನ್ನು ಹೊರಮುಖ ತಿರುಗಿಸಿ ಜೋಡಿಸಿಟ್ಟಿದ್ದರು. ಆ ಮುದುಕಿ!

"ಮೊದ್ಲು ತಟ್ಟಿದ ಕೈ ಯಾರದು ಅಂತ ತಿರುಗಿ ನೋಡ್ಬೇಕಾಗ್ಲಿಲ್ಲ ಬಿಡಿ. ನಿಮ್ಮ ಚಪ್ಪಾಳೆ ಸದ್ದು ನಂಗೊತ್ತು, ನಿಮ್ಮ ತಂಡಾನ ಎಷ್ಟು ಸಲ ನನ್ನ ದೋಣೀಲೇ ದಾಟಿಸಿದೀನಿ," ಅಂದರು. "ನಿಮ್ಮ ಸರದೀಲಿ ನಾನು ಮಾತ್ರ ತಟ್ಟಲಿಲ್ಲ."

ಬೈದಿದ್ದರೆ ನಾನೂ ಬೈಯಬಹುದಿತ್ತು. ಲೇಸು ಕಟ್ಟುವ ನೆಪದಲ್ಲಿ ಬಗ್ಗಿದವನು, ಅವರು ಹೋಗುವವರೆಗೂ ಕಟ್ಟುತ್ತಲೇ ಇದ್ದೆ. ಕ್ಷಮಿಸಿ ಅನ್ನುವ ಒಂದೇ ಮಾತು, ಅದೂ ಈ ಭರ್ಜರಿ ಕಂಠಕ್ಕೆ ಬರಲಿಲ್ಲ.